ಗೋವಿನಜೋಳಕ್ಕೆ ಗಂಡು ನೋಡಿದ ಹಾಲವ್ವ

ಹಿಂದೆ, ಬಲು ಹಿಂದೆ, ನಮ್ಮಜ್ಜಿಯ ಅಜ್ಜಿಗೆ ಇನ್ನೂ ತೊಟ್ಟಿಲು ಕಟ್ಟಿರದ ಕಾಲಕ್ಕೆ, ಎರೆಹೊಲಗಳ ನಡುವೆ ಹಳ್ಳದ ದಂಡೆಗೆ ಒಂದು ಊರಿತ್ತಂತೆ. ಆ ಊರಲ್ಲಿ ಹಾಲವ್ವ ಅಂತ ಒಬ್ಬಾಕೆ ಇದ್ದಳಂತೆ. ಇದ್ದಳು ಅಂದೆನಲ್ಲ, ಅಲ್ಲೇ ತಪ್ಪಿತು. ಆಕೆ ಯಾವ ಊರಲ್ಲೂ ಇದ್ದವಳಲ್ಲ, ಎಲ್ಲ ಊರನ್ನೂ ಹಾದು ಹೋದವಳು. ಹುಟ್ಟುವಾಗಲೇ ಕಾಲಲ್ಲಿ ಚಕ್ರ ಇತ್ತಂತೆ. ಸೂಲಗಿತ್ತಿ ಹೊಕ್ಕುಳಬಳ್ಳಿ ಕೊಯ್ಯುವಷ್ಟರಲ್ಲಿ ಕೂಸು ಹೊಸ್ತಿಲ ಕಡೆ ತೆವಳಿತ್ತಂತೆ. ಅಷ್ಟೆಲ್ಲ ನಂಬಬೇಡಿ, ಹೇಳುವವರ ಬಾಯಿಗೆ ಬೀಗ ಇರುವುದಿಲ್ಲ. ಆದರೆ ಹಾಲವ್ವ ಕೂತದ್ದನ್ನು ಕಂಡವರು ಕಡಿಮೆ, ಅದು ಮಾತ್ರ ನಿಜವಂತೆ.

ತೆನೆ ಸುಲಿಯುತ್ತಲೇ ಕೇಳಿ. ಕೈ ನಿಂತರೆ ನಾನೂ ನಿಲ್ಲಿಸುತ್ತೇನೆ. ಈ ಕಥೆ ಸುಮ್ಮನೆ ಕೂತವರಿಗೆ ಹೇಳುವ ಕಥೆಯಲ್ಲ.

ಹಾಲವ್ವನ ಕಸುಬು ಸಂಬಂಧ ಕುದುರಿಸುವುದು. ಸುತ್ತಲಿನ ಊರುಗಳ ಹೆಣ್ಣು ಗಂಡೆಲ್ಲ ಆಕೆಯ ನಾಲಗೆಯ ತುದಿಯಲ್ಲಿ ಇರುತ್ತಿದ್ದರಂತೆ. ಯಾವ ಮನೆ ಯಾವ ಬೆಡಗು, ಅಂದರೆ ಯಾವ ಮೂಲದವರ ಬಳ್ಳಿ, ಅದು ಆಕೆಗೆ ಏಳು ತಲೆಯವರೆಗೂ ಬಾಯಿಪಾಠವಂತೆ. ಒಂದೇ ಬೆಡಗಿನವರು ಅಣ್ಣ ತಂಗಿ ಇದ್ದ ಹಾಗೆ, ಅವರೊಳಗೆ ಲಗ್ನವಿಲ್ಲ. ಯಾರಾದರೂ ಆಸ್ತಿಯ ಆಸೆಗೆ ಬೆಡಗು ಮುಚ್ಚಿಟ್ಟರೆ ಹಾಲವ್ವನ ಮೂಗಿಗೆ ವಾಸನೆ ಬಡಿಯುತ್ತಿತ್ತಂತೆ. ಗಂಡಿನ ಮನೆ ನೋಡಲು ಆಕೆ ಮುಂಚೆ ಹೇಳಿ ಕಳಿಸಿ ಹೋದವಳಲ್ಲ. ಮಾಳಿಗೆ ಸೋರುವ ದಿನ, ಎಮ್ಮೆ ಒದ್ದು ಹಾಲು ಚೆಲ್ಲಿದ ದಿನ, ಅತ್ತೆ ಸೊಸೆ ಮುಖ ತಿರುವಿಕೊಂಡ ದಿನ ನೋಡಿ, ಕುಡಿಯಲು ನೀರು ಕೇಳಿಕೊಂಡು ಒಳಗೆ ನುಗ್ಗುತ್ತಿದ್ದಳಂತೆ. ಹಬ್ಬದ ದಿನ ಎಲ್ಲ ಮನೆಯೂ ಚಂದ ಅನ್ನುತ್ತಿದ್ದಳಂತೆ.

ಆಕೆಗೆ ಇನ್ನೊಂದು ನೇಮ ಇತ್ತು. ಮಾತುಕತೆ ನಡೆದಿರುವಾಗ ಯಾರ ಮನೆಯಲ್ಲೂ ಕೂಡುತ್ತಿರಲಿಲ್ಲ. ತಂದವಳು ಕೂತರೆ ತಂದ ಮಾತೂ ಕೂತುಬಿಡುತ್ತದೆ ಅಂತ ನಂಬಿದ್ದಳಂತೆ. ಬೆಲ್ಲ ನೀರು ನಿಂತೇ, ಎಲೆ ಅಡಿಕೆಯೂ ನಿಂತೇ. ಲಗ್ನವಾಗಿ, ಹುಡುಗಿ ಗಂಡನ ಮನೆಯಲ್ಲಿ ನೆಲೆಗೊಂಡು, ತಾನು ತಂದ ಬೀಜದ ಬೆಳೆಯನ್ನು ತಾನೇ ಅಟ್ಟು ಬಡಿಸಿದ ದಿನ ಹಾಲವ್ವ ಬರುತ್ತಿದ್ದಳಂತೆ. ಆ ದಿನ ಪಡಸಾಲೆಯ ಚಾಪೆಯ ಮೇಲೆ ಒಂದೇ ಸಲ ಕೂತು ಉಣ್ಣುತ್ತಿದ್ದಳಂತೆ. ಉಂಡು ಎದ್ದಳೆಂದರೆ ಆ ಮನೆಯ ಚಿಂತೆ ಅಲ್ಲಿಗೆ ಮುಗಿಯಿತು, ಮತ್ತೆ ನಡಿಗೆ.

ತಂದ ಬೀಜ ಅಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಸೆರಗೊಡ್ಡಿಸಿ ಉಡಿ ತುಂಬುವುದು ಈಗಲೂ ಇದೆ. ಆಗ ಆ ಉಡಿಗೆ ತವರಿನ ಹೊಲದ ಬೀಜವನ್ನೇ ಹಾಕುತ್ತಿದ್ದರಂತೆ. ಕಣದಲ್ಲಿ ತೆನೆಯನ್ನೆಲ್ಲ ಸುಲಿದು ರಾಶಿ ಹಾಕಿ, ರಾಶಿಯಲ್ಲಿ ಎಲ್ಲಕ್ಕಿಂತ ಚಂದದ ತೆನೆ ಆರಿಸಿ ಕಾಳು ಬಿಡಿಸಿ ಕೊಡುವುದು. ಅತ್ತೆಮನೆಯವರು ಅದನ್ನು ತಮ್ಮ ಹೊಲದ ಮೊದಲ ಸಾಲಿಗೆ ಬಿತ್ತುವುದು. ಸಾಲು ಹುಲುಸಾದರೆ ಸೊಸೆಯ ಕಾಲ್ಗುಣ ಒಳ್ಳೆಯದು. ಆಗದಿದ್ದರೆ ಏನು ಅಂತ ಯಾರೂ ಕೇಳಿರಲಿಲ್ಲ, ಯಾಕೆಂದರೆ ಅದುವರೆಗೂ ಆಗುತ್ತಲೇ ಬಂದಿತ್ತು.

ಹೀಗಿರುವಾಗ ಹಾಲವ್ವ ಶಾವಂತ್ರಿ ಅನ್ನುವ ಹುಡುಗಿಯನ್ನು ಆ ಹಳ್ಳದ ದಂಡೆಯ ಊರಿನ ಹಗೇವಿನ ಚನಮಲ್ಲಪ್ಪನ ಮಗ ಗದಿಗೆಪ್ಪನಿಗೆ ತಂದಳಂತೆ. ಹಗೇವು ಅಂದರೆ ನೆಲ ತೋಡಿ ಮಾಡಿದ ಕಾಳಿನ ಕಣಜ. ಆ ಮನೆಯ ಹಗೇವಿಗೆ ಇಳಿದವನ ಕೂಗು ಮೇಲಿದ್ದವರಿಗೆ ಕೇಳುತ್ತಿರಲಿಲ್ಲವಂತೆ, ಅಷ್ಟು ಆಳ. ಹುಡುಗಿಯ ತವರೇನು ಕಡಿಮೆಯದಲ್ಲ. ಅವರ ಗೋವಿನಜೋಳಕ್ಕೆ ಸೀಮೆಯಲ್ಲೆಲ್ಲ ಹೆಸರು. ಮೊಳಕೈ ಉದ್ದದ ತೆನೆ, ಸಿಪ್ಪೆ ಸಾಲದೆ ತುದಿ ಹೊರಗೆ ಇಣುಕುತ್ತಿತ್ತಂತೆ. ಅಂಥ ಬೀಜ ಉಡಿಯಲ್ಲಿ ಕಟ್ಟಿಕೊಂಡು ಬಂದ ಸೊಸೆಯನ್ನು ಚನಮಲ್ಲಪ್ಪನ ಮನೆಯವರು ಅಂಗೈಯಲ್ಲಿ ಇಟ್ಟುಕೊಂಡರಂತೆ. ಹುಡುಗಿಯೂ ಹಾಗೇ ಇದ್ದಳು. ಬೆಳಗಾದರೆ ಗಂಡನ ಜೋಡಿ ಎತ್ತುಗಳಿಗೆ, ಕರಿಯ ಕೆಂದ ಅಂತ ಅವುಗಳ ಹೆಸರು, ತನ್ನ ಕೈಯಿಂದಲೇ ಮೇವು ತಿನಿಸುತ್ತಿದ್ದಳಂತೆ.

ಆ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಹೊಲದ ಮೇಲೆ ಬಿದ್ದ ಮಂಜು ಹೊತ್ತೇರಿದರೂ ಏಳಲಿಲ್ಲ. ಒಂದು ಬೆಳಗ್ಗೆ ಶಾವಂತ್ರಿಯ ಬೀಜ ಬಿತ್ತಿದ ಮೊದಲ ಸಾಲಿನಲ್ಲಿ ಎಲೆಗಳು ಬಿಳಿಚಿ, ಸಣ್ಣಗಾಗಿ, ಕೇದಿಗೆ ಹೂವಿನ ಗರಿಯ ಹಾಗೆ ನೆಟ್ಟಗೆ ನಿಂತಿದ್ದವಂತೆ. ಅಡಿಗೆ ಬೆರಳು ಹಚ್ಚಿದರೆ ಬಿಳಿ ಹಿಟ್ಟು. ಕೇದಿಗೆ ರೋಗ ಅನ್ನುತ್ತಾರೆ ಅದಕ್ಕೆ. ಅದು ಬಂದ ಗಿಡದಲ್ಲಿ ಗಂಡುಹೂವಿನ ತುರಾಯಿ ಇರುವ ಕಡೆಯೂ ಎಲೆಯೇ, ತೆನೆ ಇರುವ ಕಡೆಯೂ ಎಲೆಯೇ. ಮೊದಲ ಸಾಲಿನಿಂದ ಎರಡನೆಯದಕ್ಕೆ, ಅಲ್ಲಿಂದ ಇಡೀ ಹೊಲಕ್ಕೆ. ಬದುಕಿದ ಗಿಡಗಳ ಸುಳಿಗೆ ಹುಳ ಬಿತ್ತು. ಹುಳ ತಿನ್ನದೆ ಬಿಟ್ಟ ತೆನೆಗೆ ಬೂಷ್ಟು ಹಿಡಿಯಿತು, ಹೊರಗೆ ಇಣುಕಿದ ತುದಿಯಿಂದಲೇ ನೀರು ಇಳಿದು. ಬೂಷ್ಟಿನ ಕಾಳು ತಿಂದ ಹಸುಗಳು ಮಲಗಿದವು ಮತ್ತೆ ಏಳಲಿಲ್ಲವಂತೆ.

ರೋಗ ಹುಟ್ಟಿದ್ದು ಸೊಸೆಯ ಸಾಲಿನಲ್ಲಿ. ಇನ್ನೇನು ಬೇಕು ಜನಕ್ಕೆ? ಎಲುಬಿಲ್ಲದ ನಾಲಗೆ ಹೇಗೆ ಬೇಕಾದರೂ ಹೊರಳುತ್ತದೆ. ಈಕೆ ಉಡಿಯಲ್ಲಿ ಮಾರಿ ಕಟ್ಟಿಕೊಂಡು ಬಂದಳು ಅಂದರಂತೆ. ಅತ್ತೆ ಅಳುತ್ತಲೇ ಆಕೆಯ ಸೆರಗು ಬಿಚ್ಚಿಸಿ, ಕೊಡವಿ, ಬರಿ ಉಡಿಯಲ್ಲಿ ಹೊರಗೆ ನಿಲ್ಲಿಸಿದಳಂತೆ. ಮುತ್ತೈದೆಯನ್ನು ಬರಿ ಉಡಿಯಲ್ಲಿ ಕಳಿಸುವುದಕ್ಕಿಂತ ದೊಡ್ಡ ಅವಮಾನ ನಮ್ಮಲ್ಲಿ ಇಲ್ಲ.

ಚನಮಲ್ಲಪ್ಪ ಬಾಗಿಲಲ್ಲಿ ನಿಂತು, "ಹೊಲ ಮತ್ತ ತೆನಿ ಹಿಡೀಲಿ. ಹೊಲ ಉಳಿಸೋ ಬೀಜ ಉಡಿತುಂಬ ತಗೊಂಡು ಬರ್ಲಿ. ಅವತ್ತ ಈ ಹೊಸ್ತಿಲ ದಾಟ್ಲಿ" ಅಂದನಂತೆ. ಗದಿಗೆಪ್ಪ ಏನೂ ಅನ್ನಲಿಲ್ಲ. ಎತ್ತಿನ ಮೈ ತಿಕ್ಕುತ್ತಾ ನಿಂತಿದ್ದನಂತೆ.

ಶಾವಂತ್ರಿ ತವರಿಗೆ ಹೋದಳು. ತಾಯಿ ಇಲ್ಲದ ತವರು. ಅಲ್ಲಿಯ ಹೊಲವೂ ಬೆಳ್ಳಗಾಗಿತ್ತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅಂದು ಅತ್ತಿಗೆಯರು ಒಂದು ಹೊತ್ತು ಉಣ್ಣಿಸಿ ದಾರಿ ತೋರಿಸಿದರಂತೆ. ಸುದ್ದಿ ಹಾಲವ್ವನಿಗೆ ಮುಟ್ಟಿದ್ದು ಎಲ್ಲೋ ದೂರದ ಊರಲ್ಲಿ. ಕೈಯಲ್ಲಿ ಬೆಲ್ಲ ನೀರಿನ ತಂಬಿಗೆ ಇತ್ತಂತೆ, ಅದನ್ನು ಅಲ್ಲೇ ಇಟ್ಟು ಹೊರಟಳು. ನಡೆದದ್ದೋ ಓಡಿದ್ದೋ, ಬಂದು ಸೀದಾ ಆ ಮೊದಲ ಸಾಲಿನಲ್ಲಿ ನಿಂತಳಂತೆ. ಎಲೆ ಮುಟ್ಟಿದಳು, ಕಾಂಡ ಸೀಳಿದಳು, ಹುಳವನ್ನು ಅಂಗೈ ಮೇಲೆ ಹರಿಯಲು ಬಿಟ್ಟು ನೋಡಿದಳು. ಆಮೇಲೆ ಹಣೆ ಬಡಿದುಕೊಂಡಳಂತೆ.

"ಹುಡುಗನ ಬೆಡಗು ಕೇಳಿದೆ, ಹುಡುಗಿ ಬೆಡಗು ಕೇಳಿದೆ. ಉಡಿಯಾಗಿನ ಬೀಜದ ಬೆಡಗು ಯಾರು ಕೇಳಬೇಕಿತ್ತು?" ಅಂದಳಂತೆ.

ಅಂದವಳೇ, ದಾರಿ ಪಾಲಾಗಿದ್ದ ಶಾವಂತ್ರಿಯನ್ನು ಹುಡುಕಿ, ಕೈ ಹಿಡಿದು ನಡೆದಳು. ಊರೂರು, ಹೊಲಹೊಲ. ಎಲ್ಲಿ ನೋಡಿದರೂ ಅದೇ ಮೊಳಕೈ ತೆನೆಯ ಜೋಳ, ಅದೇ ಬಿಳಿಚಿದ ಎಲೆ. ಈ ಬೀಜ ನಿಮಗೆಲ್ಲಿಯದು ಅಂದರೆ ಎಲ್ಲರದೂ ಒಂದೇ ಮಾತು, ಸೊಸೆಯ ಉಡಿಯದು. ಸೊಸೆಗೆಲ್ಲಿಯದು? ಅವಳ ಅತ್ತಿಗೆಯ ಉಡಿಯದು. ಹೀಗೆ ಕೇಳುತ್ತಾ ಹೋದರೆ ಎಲ್ಲ ದಾರಿಯೂ ಶಾವಂತ್ರಿಯ ತವರಿನ ಒಂದೇ ಕಣಕ್ಕೆ ಬಂದು ಮುಟ್ಟುತ್ತಿತ್ತಂತೆ. ಆ ಸಂಬಂಧಗಳನ್ನೆಲ್ಲ ಕುದುರಿಸಿದವಳು ಯಾರು? ಹಾಲವ್ವನೇ! ಅಷ್ಟೂ ಊರಿನ ಜೋಳ ಒಂದೇ ರಕ್ತ, ಒಂದೇ ಬೆಡಗು. ವರ್ಷ ವರ್ಷವೂ ಅವುಗಳೊಳಗೇ ಗಂಡುಹೂವಿನ ಪುಡಿ ಉದುರಿ, ಅವುಗಳೊಳಗೇ ಕಾಳು ಕಟ್ಟಿ, ಒಂದಕ್ಕೆ ಬಂದದ್ದು ಎಲ್ಲಕ್ಕೂ ಬರುವಂತೆ ಆಗಿತ್ತು. ಹಾಲವ್ವ ಕಟ್ಟೆಯ ಮೇಲೆ ಕೂತ ಹಿರಿಯರ ಎದುರು ನಿಂತು, "ಅಣ್ಣ ತಂಗಿಗೆ ಲಗ್ನ ಮಾಡಿ, ಮನಿತನ ಉಳೀಲಿಲ್ಲ ಅಂತ ಅಳತೀರಲ್ಲೋ!" ಅಂತ ಬೈದಳಂತೆ. ಹಿರಿಯರು ನಕ್ಕರಂತೆ. ಜೋಳಕ್ಕೂ ಗಂಡು ನೋಡುತ್ತೀಯೇನವ್ವಾ ಅಂದರಂತೆ.

"ನೋಡತೇನಿ" ಅಂದಳಂತೆ ಹಾಲವ್ವ.

ಆಗ ಆಕೆ ಆಣೆ ಇಟ್ಟಳಂತೆ. ಈ ಹುಡುಗಿ ಗಂಡನ ಮನೆಯಲ್ಲಿ ಕೂಡುವವರೆಗೆ ನಾನು ನೆಲಕ್ಕೆ ಕುಂಡಿ ಊರುವುದಿಲ್ಲ ಅಂತ. ನಗಬೇಡಿ, ಹಾಗೇ ಅಂದಳಂತೆ, ಆಕೆಯ ಬಾಯಿ ಅಂಥದು. ಮಲಗುವಾಗ ಮರಕ್ಕೆ ಒರಗಿ ನಿಂತೇ ಕಣ್ಣು ಮುಚ್ಚುತ್ತಿದ್ದಳಂತೆ, ಉಣ್ಣುವಾಗ ನಿಂತೇ ರೊಟ್ಟಿ ಮುರಿಯುತ್ತಿದ್ದಳಂತೆ. ಶಾವಂತ್ರಿಯ ಕಾಲು ಬಾತುಹೋದರೂ ಮುದುಕಿಯ ಕಾಲು ನಿಲ್ಲಲಿಲ್ಲವಂತೆ.

ಗಂಡು ಸಿಕ್ಕಿದ್ದು ಯಾರೂ ಹುಡುಕದ ಜಾಗದಲ್ಲಿ. ಗುಡ್ಡದ ಬುಡಕ್ಕೆ ಬೀರಜ್ಜ ಅನ್ನುವ ಕುರುಬರ ಮುದುಕನ ಕುರಿಹಟ್ಟಿ ಇತ್ತು. ಅಲ್ಲಿ ಎಂದೋ ಚೆಲ್ಲಿದ ಗೋವಿನಜೋಳ ತಾನೇ ಹುಟ್ಟಿ, ತಾನೇ ಉದುರಿ, ಮತ್ತೆ ತಾನೇ ಹುಟ್ಟುತ್ತಿತ್ತಂತೆ. ಬಿತ್ತಿದವರಿಲ್ಲ, ಕಳೆ ತೆಗೆದವರಿಲ್ಲ, ಆರಿಸಿದವರೂ ಇಲ್ಲ. ಗೇಣುದ್ದದ ಗಿಡ್ಡ ತೆನೆ, ಮಣ್ಣು ಬಣ್ಣದ ಕಾಳು. ಜನ ಅದನ್ನು ಹಂದಿಜೋಳ ಅನ್ನುತ್ತಿದ್ದರು. ಅಲ್ಲೂ ಅದೇ ಮಂಜು, ಅದೇ ಮಳೆ. ಆದರೆ ಎಲೆ ಹಸಿರು.

ಹಾಲವ್ವ ಗಂಡು ನೋಡುವ ಹಾಗೇ ನೋಡಿದಳಂತೆ. ತೆನೆಯ ಸಿಪ್ಪೆ ಸುಲಿಯಲಿಲ್ಲ. ಹೊರಗಿನಿಂದಲೇ ತುದಿಯನ್ನು ಹೆಬ್ಬೆರಳಿಂದ ಒತ್ತಿದಳು. ಜಿಪುಣನ ಸಂಚಿಯ ಹಾಗೆ ಬಾಯಿ ಬಿಗಿದಿತ್ತು, ನೀರೂ ಹೋಗದು, ಹುಳವೂ ಹೋಗದು. ಕಾಂಡ ಸೀಳಿದಳು. ಹುಳ ಕೊರೆಯಲು ಶುರುಮಾಡಿ, ಒಂದಿಷ್ಟು ಹೋಗಿ, ಅಲ್ಲಿಂದ ಹಿಂದಿರುಗಿದ ಗುರುತಿತ್ತಂತೆ.

"ರೂಪಿಲ್ಲ. ಮನಿ ಗಟ್ಟಿ ಐತಿ" ಅಂದಳು.

ಬೀರಜ್ಜನಿಗೆ ನಗು ತಡೆಯಲಾಗಲಿಲ್ಲವಂತೆ. "ನಮ್ಮ ಹಂದಿಜ್ವಾಳಕ್ಕ ಹೆಣ್ಣು ಕೊಡವರು ಯಾರವ್ವಾ ತಾಯಿ?"

ಹಾಲವ್ವ ಶಾವಂತ್ರಿಯನ್ನು ಮುಂದೆ ನಿಲ್ಲಿಸಿ, ಈಕೆಯ ತವರಿನ ಜೋಳವೇ ಹೆಣ್ಣು ಅಂದಳಂತೆ. ಬೀರಜ್ಜ ಒಂದೇ ಮಾತು ಕೇಳಿದನಂತೆ. ಈ ಲಗ್ನದ ಮಕ್ಕಳು ಯಾರ ಹೊಲದಲ್ಲಿ ಬೆಳೆದರೂ, ಕಟಾವಾದ ಮೇಲೆ ಆ ಹೊಲದಲ್ಲಿ ನನ್ನವರ ಕುರಿಮಂದೆ ರಾತ್ರಿ ಕೂರಿಸಲು ಇಲ್ಲವೆನ್ನಬಾರದು ಅಂತ. ಹಾಲವ್ವ ಒಪ್ಪಿದಳು. ಬೀರಜ್ಜ ಕಂಬಳಿಯ ತುದಿಯಲ್ಲಿ ಬೀಜ ಕಟ್ಟಿಕೊಟ್ಟ.

ಈಗ ನೆಲ ಬೇಕಲ್ಲ. ಒಳ್ಳೆಯ ನೆಲ ಯಾರು ಕೊಡುತ್ತಾರೆ? ಹಾಲವ್ವ ಒಳ್ಳೆಯ ನೆಲ ಕೇಳಲೂ ಇಲ್ಲ. ಹಳ್ಳದ ತಗ್ಗಿನಲ್ಲಿ, ಮಂಜು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲುವ, ರೋಗ ಎಲ್ಲಕ್ಕಿಂತ ಮೊದಲು ಬರುವ ಒಂದು ಬೀಳು ಹಿಡಿದಳಂತೆ. ಶಾವಂತ್ರಿ ಬೇಡವೆಂದು ಅತ್ತಳು. ಹಾಲವ್ವ, ಹಬ್ಬದ ದಿನ ಎಲ್ಲ ಮನೆಯೂ ಚಂದ, ನಮಗೆ ಬೇಕಾದ್ದು ಎಮ್ಮೆ ಒದ್ದ ದಿನ ಅಂದಳಂತೆ.

ಒಂದು ಸಾಲು ತವರಿನ ಜೋಳ, ಒಂದು ಸಾಲು ಹಟ್ಟಿಯ ಜೋಳ. ತವರಿನ ಗಿಡದ ತಲೆಯಲ್ಲಿ ಗಂಡುಹೂ ಬಿಚ್ಚುವ ಮೊದಲೇ ತುರಾಯಿ ಕಿತ್ತು ಹಾಕಿದಳು, ಅಣ್ಣನ ಪುಡಿ ತಂಗಿಗೆ ಬೀಳಬಾರದು ಅಂತ. ಎಳೆ ತೆನೆಯ ಕೂದಲಿಗೆ ತನ್ನ ಕೆಂಪು ಸೀರೆಯ ಸೆರಗು ಹರಿದು ಮುಸುಕು ಕಟ್ಟಿದಳು, ಊರಿನ ಹೊಲಗಳಿಂದ ಗಾಳಿಯಲ್ಲಿ ಬರುವ ಪುಡಿಯೂ ಸೋಕಬಾರದು ಅಂತ. ಬೆಳಗ್ಗೆ ಇಬ್ಬನಿ ಆರುತ್ತಲೇ ಹಟ್ಟಿಯ ಗಿಡದ ತುರಾಯಿ ಬಾಗಿಸಿ ಪುಡಿ ಕೊಡವಿಕೊಂಡು, ಬಿಸಿಲಿಗೆ ಅದು ಸಾಯುವ ಮೊದಲು, ಮುಸುಕು ಸರಿಸಿ ಕೂದಲಿಗೆ ಉದುರಿಸುವುದು, ಮತ್ತೆ ಕಟ್ಟುವುದು. ಸಾಲಿನಿಂದ ಸಾಲಿಗೆ ಆಕೆ ಓಡುವುದನ್ನು ನೋಡಿ ದಂಡೆಯ ಮೇಲೆ ನಿಂತವರು ಸೋಬಾನೆ ಹಾಡಿ ಅಣಕಿಸಿದರಂತೆ. ಹಾಲವ್ವ, ಇನ್ನೂ ಗಟ್ಟಿಯಾಗಿ ಹಾಡಿ ಅಂದಳಂತೆ.

ಅಲ್ಲಿಯವರೆಗೆ ಜನ ನಕ್ಕರು. ಆಮೇಲೆ ಹೆದರಿದರು. ಯಾಕೆಂದರೆ ಆ ಲಗ್ನದ ಕಾಳು ಬಿತ್ತಿ, ಮೊಳಕೆ ಬಂದು, ಎಲೆ ನಾಲ್ಕಾಗುವ ಹೊತ್ತಿಗೆ ಹಾಲವ್ವ ಊರಿನ ಹೊಲಗಳಿಂದ ರೋಗ ಬಂದ ಎಲೆ ಕಿತ್ತು ತಂದು ಆ ಮೊಳಕೆಗಳ ಮೇಲೆ ಬಿಳಿ ಹಿಟ್ಟು ಉದುರಿಸಿದಳಂತೆ. ಗಡಿಗೆಯಲ್ಲಿ ಹುಳ ಸಾಕಿದಳಂತೆ! ಸಾಕಿ, ತನ್ನ ಕೈಯಾರೆ ಒಂದೊಂದೇ ಹುಳವನ್ನು ಗಿಡದ ಸುಳಿಗೆ ಬಿಟ್ಟಳಂತೆ. ಎಲ್ಲಿಯಾದರೂ ಉಂಟೇ? ಮಂದಿ ಹುಳ ಆರಿಸಿ ಸುಡುತ್ತಿದ್ದರೆ ಈಕೆ ತೊಟ್ಟಿಲು ಕಟ್ಟಿದ್ದಾಳೆ. ಅವತ್ತಿನಿಂದ ಆಕೆಯ ಹೆಸರು ಹುಳದ ಹಾಲವ್ವ.

ಆ ಬೆಳೆ ಬಂತು. ಅರ್ಧಕ್ಕರ್ಧ ಸತ್ತಿತು. ಉಳಿದದ್ದು ಆಳೆತ್ತರ ಬೆಳೆಯಿತು, ತಾಯಿಯ ಉದ್ದ, ತಂದೆಯ ಗಟ್ಟಿ. ಶಾವಂತ್ರಿ ಹಿಗ್ಗಿದಳು. ಇನ್ನೇನು ಬೇಕು, ಕೊಡು, ನಾನು ಹೋಗುತ್ತೇನೆ ಅಂದಳಂತೆ. ಹಾಲವ್ವ ಇಲ್ಲ ಅಂದಳು. ಒಂದು ತಲೆಗೆ ಮನೆತನ ತಿಳಿಯುವುದಿಲ್ಲ, ಮೊಮ್ಮಕ್ಕಳು ಬರಲಿ ಅಂದಳು. ಶಾವಂತ್ರಿಗೆ ಮೊಮ್ಮಕ್ಕಳು ಯಾಕೆ ಬೇಕು? ಆಕೆಗೆ ಬೇಕಾದ್ದು ಹೊಸ್ತಿಲು. ಇಂಥ ಹೊತ್ತಿನಲ್ಲಿ ನೀವಾದರೂ ನಾನಾದರೂ ಅದನ್ನೇ ಮಾಡುತ್ತಿದ್ದೆವು. ಹಾಲವ್ವ ಹಟ್ಟಿಗೆ ಹೋದ ದಿನ ನೋಡಿ ಶಾವಂತ್ರಿ ತೆನೆಗಳನ್ನೆಲ್ಲ ಸುಲಿದಳು, ರಾಶಿ ಹಾಕಿದಳು, ಎಲ್ಲಕ್ಕಿಂತ ಉದ್ದದವು, ಎಲ್ಲಕ್ಕಿಂತ ಚಂದದವು ಆರಿಸಿ ಕಾಳು ಬಿಡಿಸಿ ಉಡಿ ಕಟ್ಟಿಕೊಂಡು ಗಂಡನ ಮನೆಗೆ ನಡೆದಳಂತೆ.

ಚನಮಲ್ಲಪ್ಪ ಬೀಜ ತೆಗೆದುಕೊಂಡ. ಸೊಸೆಯನ್ನು ದನದ ಕೊಟ್ಟಿಗೆಯವರೆಗೆ ಬಿಟ್ಟುಕೊಂಡ, ಬೆಳೆ ನೋಡಿ ಒಳಗೆ ಕರೆಯುತ್ತೇನೆ ಅಂದ. ಆಕೆ ಕೊಟ್ಟಿಗೆಯಲ್ಲಿ ಕರಿಯ ಕೆಂದರ ಜೊತೆ ಮಳೆಗಾಲ ಕಳೆದಳಂತೆ. ಬೀಜ ಹುಟ್ಟಿತು, ಎದ್ದಿತು, ತೆನೆಯೂ ಕಟ್ಟಿತು. ಕಟ್ಟಿದ ತೆನೆಯ ತುದಿ ಮತ್ತೆ ಸಿಪ್ಪೆಯಿಂದ ಹೊರಗೆ ಇಣುಕಿತ್ತು. ಹಿಂಗಾರಿನ ಮಳೆ ನಾಲ್ಕು ದಿನ ಬಿದ್ದದ್ದೇ ತಡ, ಒಳಗೆಲ್ಲ ಬೂಷ್ಟು. ಎರಡನೆಯ ಸಲ ಆಕೆಯ ಸೆರಗು ಕೊಡವಿ ಹೊರಗೆ ನಿಲ್ಲಿಸಿದರಂತೆ. ಆವತ್ತೂ ಗದಿಗೆಪ್ಪ ಏನೂ ಅನ್ನಲಿಲ್ಲ.

ಹಳ್ಳದ ತಗ್ಗಿಗೆ ಬಂದರೆ ಹಾಲವ್ವ ಸಾಲಿನ ನಡುವೆ ನಿಂತಿದ್ದಳು. ಬೈಯುತ್ತಾಳೆ ಅಂತ ಶಾವಂತ್ರಿ ತಲೆ ತಗ್ಗಿಸಿದಳು. ಹಾಲವ್ವ ಬೈಯಲಿಲ್ಲವಂತೆ.

"ಸಿಪ್ಪಿ ಸುಲದು ಆರಿಸಿದಿ ಹೌದಿಲ್ಲೋ? ಮುಖ ನೋಡಿ ಹುಡುಗನ್ನ ಒಪ್ಪಿಕೊಂಡಂಗಾತು."

"ನನಗ ಬೀಜ ಬ್ಯಾಡ, ಯವ್ವಾ. ನನಗ ಮನಿ ಬೇಕು" ಅಂದು ಶಾವಂತ್ರಿ ಅತ್ತಳಂತೆ.

"ನನಗೂ ಕಾಲು ನೊಯ್ತಾವ" ಅಂದಳಂತೆ ಹಾಲವ್ವ. ಆಕೆ ಆ ಮಾತು ಆಡಿದ್ದು ಅದೊಂದೇ ಸಲವಂತೆ. ಅದನ್ನು ಕೇಳಿ ಶಾವಂತ್ರಿ ಕಣ್ಣೊರೆಸಿಕೊಂಡು ಗಡಿಗೆಯ ಹುಳಗಳಿಗೆ ಎಲೆ ಹಾಕಲು ಹೋದಳು.

ಅಲ್ಲಿಂದ ಆರಿಸುವ ಕೈ ಶಾವಂತ್ರಿಯದಾಯಿತು. ತೆನೆಯನ್ನು ಗಿಡದ ಮೇಲೇ, ಸಿಪ್ಪೆಯ ಸಮೇತ, ಹೆಬ್ಬೆರಳಿಂದ ಒತ್ತಿ ಆರಿಸುವುದನ್ನು ಕಲಿತಳಂತೆ. ಹುಳ ಬಿಟ್ಟ ಗಿಡದಲ್ಲಿ ಸುಳಿ ಸಾಯದ್ದನ್ನು, ರೋಗ ಉದುರಿಸಿದ ಗಿಡದಲ್ಲಿ ಹಸಿರು ಬಿಡದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಕೀಳುವುದು. ಬೆಳೆ ಬಂದು ಬೆಳೆ ಹೋಯಿತು. ಒಳ್ಳೆಯ ತೆನೆಯಾದರೆ ಗಿಡ ಬಿದ್ದುಹೋಗುತ್ತಿತ್ತು. ಗಿಡ ನಿಂತರೆ ಕಾಳು ಕಲ್ಲಾಗುತ್ತಿತ್ತು. ಹುಳಕ್ಕೆ ಜಗ್ಗದ್ದು ರೋಗಕ್ಕೆ ಬಗ್ಗುತ್ತಿತ್ತು. ಕೈಗೆ ಬಂದದ್ದು ಬಾಯಿಗೆ ಬರುತ್ತಿರಲಿಲ್ಲ. ಗದಿಗೆಪ್ಪನಿಗೆ ಬೇರೆ ಹೆಣ್ಣು ನೋಡುತ್ತಿದ್ದಾರೆ ಅಂತ ಯಾರೋ ಬಂದು ಹೇಳಿ ಹೋದರಂತೆ. ಆ ದಿನ ಶಾವಂತ್ರಿ ಒಂದೇ ಸಾಲನ್ನು ಸಂಜೆಯವರೆಗೆ ನೋಡುತ್ತಾ ನಡೆದಳಂತೆ, ಏನು ನೋಡಿದಳೋ ಆಕೆಗೂ ಗೊತ್ತಿರಲಿಲ್ಲ.

ಊರವರ ಹೆದರಿಕೆ ಸಿಟ್ಟಾಯಿತು. ನಮ್ಮ ಹೊಲದ ಹುಳವೆಲ್ಲ ಈ ಮುದುಕಿಯ ಗಡಿಗೆಯಿಂದ ಬಂದದ್ದು ಅಂದರು. ಒಂದು ದಿನ ಉರಿಬಿಸಿಲಲ್ಲಿ ಚನಮಲ್ಲಪ್ಪನೇ ಮುಂದಾಗಿ, ಊರಿನ ಎತ್ತುಗಳನ್ನೆಲ್ಲ ಹೊಡೆದುಕೊಂಡು ಬಂದು ಹಳ್ಳದ ತಗ್ಗಿನ ಬೆಳೆಗೆ ನುಗ್ಗಿಸಿದರಂತೆ. ಹಾಲವ್ವ ಕೋಲು ಹಿಡಿದು ಅತ್ತ ಓಡಿದಳು, ಇತ್ತ ಓಡಿದಳು. ಒಂದು ಕಡೆ ತಡೆದರೆ ಇನ್ನೊಂದು ಕಡೆಯಿಂದ ನುಗ್ಗುತ್ತಿದ್ದವು. ಸಾಲು ಸಾಲೇ ನೆಲಸಮ. ಮುಂದೆ ಕರಿಯ ಕೆಂದ, ಅವುಗಳ ಹಿಂದೆ ಗದಿಗೆಪ್ಪ.

ಆಗ ಶಾವಂತ್ರಿ ಉಳಿದ ಗಿಡಗಳ ನಡುವೆ ಹೋಗಿ ಕೂತುಬಿಟ್ಟಳಂತೆ. ಓಡಲಿಲ್ಲ, ಕೂಗಲಿಲ್ಲ, ಸೆರಗು ಮುಂದೆ ಹರಡಿ ನೆಲದ ಮೇಲೆ ಕೂತಳಂತೆ. ಕರಿಯ ಕೆಂದ ಓಡಿ ಬಂದವು. ಬಂದವು ನಿಂತವು. ಮೂಸಿದವು. ತಮಗೆ ಮೇವು ತಿನಿಸಿದ ಕೈ ಅದು, ಮಳೆಗಾಲವೆಲ್ಲ ಒಂದೇ ಕೊಟ್ಟಿಗೆಯಲ್ಲಿ ಮಲಗಿದ ಮೈವಾಸನೆ ಅದು. ಅವು ನಿಂತವು ಅಂತ ಹಿಂದಿನವೂ ನಿಂತವಂತೆ. ಗದಿಗೆಪ್ಪ ಬಾರುಕೋಲು ಎತ್ತಿದ್ದ ಕೈ ಇಳಿಸಿದನಂತೆ. ಎತ್ತು ತಿರುಗಿಸಿಕೊಂಡು ಹೋದ. ಆಕೆ ಕೂತಷ್ಟು ಜಾಗದ ಸುತ್ತ ಉಳಿದ ಗಿಡಗಳು ಎಷ್ಟೋ, ಅಷ್ಟೇ ಆ ಬೀಜದ ವಂಶ. ಇವತ್ತು ನಿಮ್ಮ ಕೈಯಲ್ಲಿ ಇರುವುದೂ ಅದೇ ಅನ್ನುತ್ತಾರೆ.

ಮತ್ತೆ ಒಂದು ವರ್ಷ ಮಳೆ ಹಿಡಿದು ಬಿಡಲಿಲ್ಲ. ಮಂಜು ಬಂತು, ಮಂಜಿನ ಜೊತೆ ಕೇದಿಗೆ ಬಂತು, ಹುಳ ಬಂತು, ಬೂಷ್ಟು ಬಂತು. ಸೀಮೆಯೆಲ್ಲ ಬೆಳ್ಳಗಾಯಿತು. ಹಳ್ಳದ ತಗ್ಗಿನಲ್ಲಿ, ಎಲ್ಲಕ್ಕಿಂತ ಕೆಟ್ಟ ಜಾಗದಲ್ಲಿ, ಶಾವಂತ್ರಿಯ ಜೋಳ ಹಸಿರು ನಿಂತಿತ್ತಂತೆ. ಹುಳ ಮುಟ್ಟಿಯೇ ಇರಲಿಲ್ಲ ಅಂತ ಕೆಲವರು ಹೇಳುತ್ತಾರೆ, ಅದು ಸುಳ್ಳು. ಎಲೆಯಲ್ಲಿ ತೂತು ಇದ್ದವು, ಕಾಂಡದಲ್ಲೂ ಇದ್ದವು. ಆದರೆ ಸುಳಿ ಸತ್ತಿರಲಿಲ್ಲ, ತೆನೆಯ ಬಾಯಿ ಬಿಟ್ಟಿರಲಿಲ್ಲ. ತೆನೆ ಮೊಳಕೈ ಉದ್ದವೇನೂ ಇರಲಿಲ್ಲ, ಗೇಣಿನ ಮೇಲೆ ನಾಲ್ಕು ಬೆರಳು, ಬಣ್ಣ ಮಣ್ಣಿಗೂ ಹಳದಿಗೂ ನಡುವೆ.

ಚನಮಲ್ಲಪ್ಪ ಗಾಡಿ ಕಟ್ಟಿಸಿಕೊಂಡು ಬಂದ. ಹೊಸ ಸೀರೆ ತಂದಿದ್ದ. ಗಾಡಿಯ ನೊಗ ಹಿಡಿದು ನಿಂತನಂತೆ. ಗೋಡೆಯಂಥ ಮನುಷ್ಯ, ಕಣ್ಣಲ್ಲಿ ನೀರಿತ್ತಂತೆ. ಶಾವಂತ್ರಿ ಆತನನ್ನು ನೋಡಲಿಲ್ಲ. ಗದಿಗೆಪ್ಪನನ್ನು ನೋಡುತ್ತಾ ನಿಂತಳು. ಎರಡು ಸಲ ಸುಮ್ಮನಿದ್ದವನು ಮೂರನೆಯ ಸಲ ಏನನ್ನುತ್ತಾನೆ ಅಂತ.

"ಎತ್ತಿಗಿದ್ದ ಬುದ್ಧಿ ನನಗ ಇರ್ಲಿಲ್ಲ" ಅಂದನಂತೆ ಗದಿಗೆಪ್ಪ. "ಬೇರೆ ಹೆಣ್ಣು ತರ್ತೇವಿ ಅಂದ್ರು. ಒಲ್ಲೆ ಅಂದೆ. ಅದನ್ನರ ಹೇಳಾಕ ಬರಬೇಕಿತ್ತು, ಬರ್ಲಿಲ್ಲ."

ಶಾವಂತ್ರಿ ಮಾವನ ಕಡೆ ತಿರುಗಿದಳಂತೆ. ಆಮೇಲೆ ಒಂದು ಮಾತು ಕೇಳಿದಳು. ನಿಮ್ಮ ಹೊಲದ ಮೊದಲ ಸಾಲು ಹುಳಕ್ಕೆ ಬಿಡಬೇಕು, ಅದರಲ್ಲಿ ಹುಳ ಆರಿಸಬಾರದು, ಬೀಜ ಅದೇ ಸಾಲಿನಲ್ಲಿ ಉಳಿದದ್ದರಿಂದ ತೆಗೆಯಬೇಕು, ಆ ಸಾಲು ಕೆಟ್ಟರೆ ಯಾವ ಹೆಣ್ಣನ್ನೂ ಅನ್ನಬಾರದು ಅಂತ. ಚನಮಲ್ಲಪ್ಪ ಭೂಮಿ ಮುಟ್ಟಿ ಆಣೆ ಮಾಡಿದ. ಹಾಲವ್ವ ಸಿಪ್ಪೆ ಸಮೇತ ತೆನೆ ಮುರಿದು, ಹುಡುಗಿಯ ಉಡಿ ತುಂಬಿದಳಂತೆ.

ಆ ಬೀಜ ಬಿತ್ತಿ, ಬೆಳೆದು, ಮೊದಲ ರಾಶಿ ಮನೆಗೆ ಬಂದ ದಿನ ಶಾವಂತ್ರಿ ಆ ಜೋಳದ ರೊಟ್ಟಿ ಬಡಿದಳು. ಪಡಸಾಲೆಯಲ್ಲಿ ಹೊಸ ಚಾಪೆ ಹಾಸಿದರು. ಹಾಲವ್ವನನ್ನು ಕರೆಸಿದರು. ಊರೇ ಬಾಗಿಲಲ್ಲಿ ನಿಂತಿತ್ತಂತೆ, ಆಕೆ ಕೂಡುವುದನ್ನು ನೋಡಲು. ಅಷ್ಟು ವರ್ಷ ಕೂಡದ ಕಾಲು. ಗದಿಗೆಪ್ಪ ಒಂದು ಕೈ ಹಿಡಿದ, ಶಾವಂತ್ರಿ ಒಂದು ಕೈ ಹಿಡಿದಳು. ಹಾಲವ್ವ ಮೊಣಕಾಲು ಬಗ್ಗಿಸಿದಳು. ಇನ್ನೇನು ಕೂತಳು ಅನ್ನಬೇಕು, ಪಕ್ಕದಲ್ಲಿ ಪೂಜೆಗೆ ಇಟ್ಟ ತೆನೆಗಳ ಮೇಲೆ ಕಣ್ಣು ಬಿತ್ತಂತೆ. ಒಂದು ತೆನೆಯ ಸಿಪ್ಪೆಯಲ್ಲಿ ಸಣ್ಣ ತೂತು. ಬಗ್ಗಿದಲ್ಲೇ ಅದನ್ನು ಎತ್ತಿಕೊಂಡು ಬಿಡಿಸಿದಳು. ಒಳಗೆ ಹುಳ. ಗಡಿಗೆಯಲ್ಲಿ ಆಕೆ ಸಾಕಿದ ಹುಳವಲ್ಲ. ಬೇರೆ ಬಣ್ಣ, ಬೇರೆ ತಲೆ, ಯಾರೂ ಕಂಡಿರದ ಹುಳ.

ಅಂಗೈ ಮೇಲೆ ಬಿಟ್ಟುಕೊಂಡು ನೋಡಿದಳಂತೆ.

"ನೀ ಯಾರ ಮನ್ಯಾಂವಪ್ಪಾ? ನಿನ್ ಬೆಡಗು ಯಾವುದು?" ಅಂತ ಕೇಳಿದಳಂತೆ.

ಬಗ್ಗಿದ ಮೊಣಕಾಲು ಎದ್ದಿತು. ಶಾವಂತ್ರಿ ಸೆರಗು ಹಿಡಿದು, ಉಂಡಾದರೂ ಹೋಗು, ಒಂದು ಗಳಿಗೆ ಕೂತಾದರೂ ಹೋಗು ಅಂತ ಅತ್ತಳಂತೆ. ಹಾಲವ್ವ ಆಕೆಯ ಗದ್ದ ಮುಟ್ಟಿ, "ನೀ ಕೂತಿಯಲ್ಲವ್ವಾ, ಸಾಕು" ಅಂದಳಂತೆ. ರೊಟ್ಟಿಯನ್ನು ಮಡಚಿ ಕೈಯಲ್ಲಿ ಹಿಡಿದು, ತೆನೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಗುಡ್ಡದ ಕಡೆ ನಡೆದವಳು ಮತ್ತೆ ಆ ಊರಿಗೆ ಬರಲಿಲ್ಲವಂತೆ. ಸತ್ತಳು ಅಂತ ಸುದ್ದಿಯೂ ಬರಲಿಲ್ಲ. ಮಂಜು ಬಿದ್ದ ಬೆಳಗ್ಗೆ ಗೋವಿನಜೋಳದ ಸಾಲಿನಲ್ಲಿ ಸರಸರ ಸದ್ದಾದರೆ ಗಾಳಿ ಅನ್ನುವವರು ಅನ್ನಲಿ.

ಶಾವಂತ್ರಿ ಆ ಚಾಪೆಯನ್ನು ಎತ್ತಲಿಲ್ಲವಂತೆ. ಅದಕ್ಕೇ ಇವತ್ತಿಗೂ ನಮ್ಮ ಕಡೆ ಗೋವಿನಜೋಳ ಕೂದಲು ಬಿಟ್ಟಾಗ ಹೊಲದ ಬದುವಿನ ಮೇಲೆ ಒಂದು ಚಾಪೆ ಹಾಸಿ, ರೊಟ್ಟಿ ಇಟ್ಟು, ಕೂಡವ್ವಾ ಅಂತ ಕರೆದು ಬರುತ್ತಾರೆ. ಆ ಚಾಪೆಯ ಮೇಲೆ ಯಾರೂ ಕೂಡುವುದಿಲ್ಲ. ಒಂದು ಗಿಡಕ್ಕೆ ಕೆಂಪು ಬಟ್ಟೆಯ ಚೂರು ಕಟ್ಟುತ್ತಾರೆ. ಮೊದಲ ಸಾಲು ಹುಳದ ಸಾಲು, ಅದಕ್ಕೆ ಔಷಧ ಇಲ್ಲ, ಆರಿಸುವುದಿಲ್ಲ. ಕಟಾವಾದ ಹೊಲದಲ್ಲಿ ಕುರಿ ಕೂರಿಸಲು ಬಂದವರಿಗೆ ಇಲ್ಲ ಅನ್ನುವುದಿಲ್ಲ. ಮಗಳ ಉಡಿಗೆ ಜೋಳ ಹಾಕುವಾಗ ಸಿಪ್ಪೆ ಸುಲಿಯುವುದಿಲ್ಲ. ನನ್ನ ಉಡಿಗೆ ಹಾಕಿದಾಗ ತೆನೆ ಇಷ್ಟು ಗಿಡ್ಡವೇ ಅಂತ ನಾನು ಮುಖ ಸಿಂಡರಿಸಿದ್ದೆ, ನನ್ನ ತಾಯಿ ಕೈಗೆ ಚಿವುಟಿದ್ದಳು.

ಏ, ತಡಿ, ಆ ತೆನೆ ದನದ ಬುಟ್ಟಿಗೆ ಎಸೆಯಬೇಡ. ಹುಳ ತಿಂದಿದೆ ಅಂತ ನನಗೂ ಕಾಣುತ್ತದೆ. ಎಲ್ಲಿಯವರೆಗೆ ತಿಂದಿದೆ ನೋಡು. ತುದಿಯಿಂದ ಎರಡು ಸುತ್ತು ಕಾಳು, ಅಲ್ಲಿಂದ ಹಿಂದಿರುಗಿದೆಯಲ್ಲ? ಅದನ್ನು ಈ ಕಡೆ ಇಡು, ಬೀಜಕ್ಕೆ ಬೇಕು.